ಒಂಬತ್ತನೆಯ ಶುಕ್ರವಾರದ ಸಿಗಡಿ

ಒಂದೇ ಒಂದು ಒಣಸಿಗಡಿಗೆ ನಮ್ಮ ಸೆರಾಫಿನ್ ಮಾವ್ಶಿ ಎಂಟು ಶುಕ್ರವಾರಗಳನ್ನು ತೆತ್ತಳು. ಕಾರಣ ಇಷ್ಟೇ, ರುಚಿ ನೋಡದೆ ಸರಕು ಕೊಳ್ಳುವ ಹೆಂಗಸಲ್ಲ ಅವಳು. ಇವತ್ತು ಮಣಿಪಾಲದ ಈ ಮನೆಯಲ್ಲಿ ಸೊಸೆ ಸಿಗಡಿ ಹುರಿದಳು. ಆ ವಾಸನೆಗೆ ನನಗೆ ಹಸಿವಿಗಿಂತ ಮೊದಲು ಮಾವ್ಶಿ ನೆನಪಾದಳು.

ಮಾವ್ಶಿಯೆಂದರೆ ಅಮ್ಮನ ತಂಗಿ. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ನಾವಿಬ್ಬರೂ ಕಾಪುವಿನಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದೆವು. ಅವಳ ಗಂಡ, ಪಾಪಕ್ಷಮೆ ಕೊಡುವ ಪಾದ್ರಿಗಳು ತಲುಪುವ ಮೊದಲೇ ತೀರಿಹೋಗಿದ್ದ. ತನಗೂ ಹಾಗಾದರೆ ಸ್ವರ್ಗ ತಪ್ಪಿತು ಎಂದು ಅವಳ ಹೆದರಿಕೆ. ನಮ್ಮ ಕ್ರೈಸ್ತರಲ್ಲಿ ಅದಕ್ಕೊಂದು ಉಪಾಯ ಉಂಟು: ಒಂಬತ್ತು ತಿಂಗಳು ಬಿಡದೆ ತಿಂಗಳ ಮೊದಲ ಶುಕ್ರವಾರ ಇಗರ್ಜಿಯ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿದವರು ಪಾಪಕ್ಷಮೆಯಿಲ್ಲದೆ ಸಾಯುವುದಿಲ್ಲ. ಇಡೀ ಆಯುಷ್ಯದ ಭಕ್ತಿಯ ಬದಲು ಒಂಬತ್ತು ಬೆಳಗು! ಇಷ್ಟು ಅಗ್ಗದ ವ್ಯವಹಾರ ಮತ್ತೆಲ್ಲಿ ಸಿಗುತ್ತದೆ, ನೀವೇ ಹೇಳಿ. ನಾನೂ ಸೇರಿಕೊಂಡೆ. ಷರತ್ತು ಒಂದೇ, ಆಗೆಲ್ಲ ನಡುರಾತ್ರಿಯಿಂದ ಪ್ರಸಾದ ಸಿಗುವವರೆಗೆ ಹೊಟ್ಟೆಗೆ ನೀರೂ ಇಳಿಯಬಾರದು.

ಒಂಬತ್ತನೆಯ ಶುಕ್ರವಾರ ಬೆಳಿಗ್ಗೆ ಇಗರ್ಜಿಯ ದಾರಿಯಲ್ಲಿ ಮೀನು ಮಾರುವ ಗುಲಾಬಿ ನಮ್ಮೆದುರು ಬುಟ್ಟಿ ಇಳಿಸಿದಳು.

"ಬಾಯಮ್ಮ, ಸಿಗಡಿ ನೋಡಿ, ಒಂದು ಕಣ ಮರಳಿಲ್ಲ."

ಮಾವ್ಶಿಯ ಕೈ ಬುಟ್ಟಿಗೆ ಹೋಯಿತು, ಬಾಯಿಗೆ ಬಂತು. "ಉಪ್ಪು ಜಾಸ್ತಿ" ಎಂದಳು. ಆಮೇಲೆ ಅವಳ ಮುಖ ಬಿಳಿಚಿಕೊಂಡಿತು.

"ಉಗುಳು ಮಾವ್ಶಿ!"

"ನುಂಗಿ ಆಯ್ತು ಮಾರಾಯಾ!"

ಗುಲಾಬಿಗೆ ಗಾಬರಿ. "ಎಂತ ಆಯ್ತು? ಸರಕು ಒಳ್ಳೆಯದೇ ಉಂಟಲ್ಲ?"

ಪೂಜೆಗೆ ಮೊದಲೇ ಪಾದ್ರಿಗಳನ್ನು ಹಿಡಿದು ನಾನು ವಕಾಲತ್ತು ಮಾಡಿದೆ. "ಎಂಟು ಪೂರ್ತಿ ಆಗಿದೆ ಪದ್ರಾಬ್. ಒಂಬತ್ತನೆಯದರಲ್ಲಿ ಒಂದು ಸಿಗಡಿಯಷ್ಟು ಕಡಿಮೆ. ಸ್ವಲ್ಪ ಹೊಂದಿಸಿಕೊಳ್ಳಿ."

"ಇದೆಂತ ಸಂತೆಯಾ?" ಎಂದು ನನ್ನನ್ನು ಗದರಿಸಿದವರು, ಮಾವ್ಶಿಯನ್ನು ಮೆತ್ತಗೆ ಕೇಳಿದರು: "ಬಾಯಮ್ಮ, ಒಂದು ಸಿಗಡಿಗಾಗಿ ಯೇಸುಸ್ವಾಮಿ ನಿಮ್ಮನ್ನು ಬಾಗಿಲಿಂದ ಓಡಿಸ್ತಾರೆ ಅಂತ ನಂಬ್ತೀರಾ?"

"ಅವರು ಓಡಿಸುವುದಿಲ್ಲ ಪದ್ರಾಬ್. ನೀವು ಪ್ರಸಾದ ಕೊಡ್ತೀರಾ?"

ಪಾದ್ರಿಗಳು ಗಡ್ಡ ತುರಿಸಿಕೊಂಡರು. "ಇವತ್ತು ಆಗುವುದಿಲ್ಲ."

ನನ್ನ ಒಂಬತ್ತು ಅಂದೇ ಮುಗಿಯಿತು. ಮಾವ್ಶಿಯದು ಮುಂದಿನ ತಿಂಗಳು ಮತ್ತೆ ಒಂದರಿಂದ ಶುರು. ಅಷ್ಟರೊಳಗೆ ಏನಾದರೂ ಆದರೆ? ನಾನು ಕಾಯುವ ಜಾತಿಯವನಲ್ಲ. ಕಡಲ ಬದಿಯ ಮನೆ ಬಿಡಿಸಿ, ಇಗರ್ಜಿಯ ಗೋಡೆಗೆ ತಾಗಿದ ಬಾಡಿಗೆ ಮನೆಗೆ ಅವಳನ್ನು ಸಾಗಿಸಿದೆ.

"ದೇವರ ಮೇಲೆ ಇಷ್ಟೇ ನಂಬಿಕೆಯಾ ನಿನಗೆ?" ಎಂದು ಬೈದಳು.

"ದೇವರ ಮೇಲೆ ಉಂಟು ಮಾವ್ಶಿ. ಪದ್ರಾಬರ ಸೈಕಲಿನ ಮೇಲೆ ಇಲ್ಲ."

ಎರಡನೆಯ ಸುತ್ತು ಅರ್ಧಕ್ಕೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅವಳಿಗೆ ಎದೆನೋವು ಬಂತು. ನಾನು ಹಿತ್ತಲಿಗೆ ಓಡಿ, ಗೋಡೆಯಾಚೆ ಪಾದ್ರಿಗಳ ಕಿಟಕಿಗೆ ಕೇಳುವಂತೆ ಕೂಗಿದೆ. ಪಾದ್ರಿಗಳು ಉಣ್ಣುತ್ತಿದ್ದ ಬಟ್ಟಲು ಬಿಟ್ಟು, ಪವಿತ್ರ ತೈಲ, ಪರಮಪ್ರಸಾದ ಹಿಡಿದು ಓಡಿಬಂದರು. ಅವಳ ಪಾಪಗಳನ್ನು ಕೇಳಿದರು, ಹಣೆಗೆ ತೈಲ ಹಚ್ಚಿದರು. ಪ್ರಸಾದ ಎತ್ತಿದಾಗ ಮಾವ್ಶಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಪದ್ರಾಬ್, ಗಂಜಿ ಉಂಡಾಗಿದೆ."

"ಹೊರಟವರಿಗೆ ಉಪವಾಸದ ನಿಯಮ ಇಲ್ಲ ಬಾಯಮ್ಮ."

"ಇದನ್ನು ಮೊದಲೇ ಹೇಳಬಾರದಿತ್ತಾ?" ಎಂದು ನಕ್ಕು ಬಾಯಿ ತೆರೆದಳು. ಸಂಜೆಯೊಳಗೆ ಹೋದಳು, ಹೆದರಿಕೆಯಿಲ್ಲದೆ.

ಒಂಬತ್ತೂ ಮುಗಿಸಿದ ನಾನು ಈಗ ಗುಡ್ಡದ ಮೇಲೆ, ಇಗರ್ಜಿಗೆ ರಿಕ್ಷಾ ಹಿಡಿಯಬೇಕಾದಷ್ಟು ದೂರದಲ್ಲಿ ಕೂತಿದ್ದೇನೆ. ಬೇರೆ ಮನೆ ನೋಡು ಎಂದು ಸೊಸೆಗೆ ಈಗಷ್ಟೇ ಹೇಳಿದೆ. ನಿಮಗೂ ಹೇಳುತ್ತೇನೆ: ಶುಕ್ರವಾರಗಳನ್ನು ಮಾಡಿ, ನಷ್ಟವಿಲ್ಲ. ಆದರೆ ಮನೆ ಹಿಡಿಯುವಾಗ, ಬಾವಿಯಲ್ಲಿ ಇಣುಕುವ ಮೊದಲು, ಹಿತ್ತಲಲ್ಲಿ ನಿಂತು ಒಮ್ಮೆ ಜೋರಾಗಿ ಕೂಗಿ. ಪಾದ್ರಿಗಳು ಕಿಟಕಿಗೆ ಬಂದರೆ ಮಾತ್ರ ಮುಂಗಡ ಕೊಡಿ.