ಮಾವ ತಿದ್ದಿದ ಫ್ರೆಂಚ್ ರಕಾರ

ಆ ಸಂಜೆ ಮನೆಯಲ್ಲಿ ಇದ್ದವರು ಇಬ್ಬರೇ. ಅತ್ತೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ನಾನು ಕೊಟ್ಟಿಗೆಯಲ್ಲಿ, ಹುಲ್ಲಿನ ಹೊರೆಗೆ ಒರಗಿಸಿಟ್ಟ ಮೊಬೈಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಎರಡು ಸೀಮೆಹಸುಗಳನ್ನೂ ಸೇರಿಸಿಕೊಂಡರೆ ನಾಲ್ವರು. ನಮ್ಮ ಮನೆಯವರು ಎರಡನೇ ಪಾಳಿಗೆ ಹೋಗಿದ್ದರು, ಮಾವ ಹಾಲಿನ ಕ್ಯಾನು ಹಿಡಿದು ಡೈರಿಗೆ. ಮಾವ ಬರುವುದರೊಳಗೆ ನಾನು ಒಂದು ಮಾತನ್ನು ಬಾಯಿಗೆ ಕೂರಿಸಿಕೊಳ್ಳಬೇಕಿತ್ತು: ರೂಜ್. ಫ್ರೆಂಚಿನಲ್ಲಿ ಕೆಂಪು ಎಂದು.

ಸೂಲಿಬೆಲೆ ಪಕ್ಕದ ಹಳ್ಳಿಯ ಕೊಟ್ಟಿಗೆಗೆ ಫ್ರೆಂಚ್ ಎಲ್ಲಿಂದ ಬಂತು ಅಂತ ಕೇಳಿದರೆ, ಪಿಲ್ಲಗುಂಪೆಯಿಂದ ಬಂತು. ಅಲ್ಲಿನ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ನಾನು ಒಂಬತ್ತು ವರ್ಷ ನಿಂತಿದ್ದೆ. ನಿಜವಾಗಿಯೂ ನಿಂತೇ ಇದ್ದೆ, ಅಲ್ಲಿ ಕೂರುವ ಕೆಲಸವೇ ಇರಲಿಲ್ಲ. ಈಗ ಫ್ರಾನ್ಸಿನಿಂದ ಹೊಸ ಯಂತ್ರ ಬರುತ್ತಿತ್ತು. ಅದನ್ನು ನಡೆಸುವುದು ಹೇಗೆಂದು ಕಲಿಸಲು ಅಲ್ಲಿಂದಲೇ ಒಬ್ಬ ಹೆಂಗಸು ಬರುವವರಿದ್ದರು. ಸೂಪರ್‌ವೈಸರ್ ನಮ್ಮನ್ನೆಲ್ಲ ಕರೆದು, "ಆಯಮ್ಮನ ಇಂಗ್ಲಿಷೂ ನಮ್ ಇಂಗ್ಲಿಷ್ ತರಾನೇ ಅಂತೆ. ಯಾರು ಅವ್ರ ಭಾಷೇಲಿ ನಾಲ್ಕು ಮಾತು ಆಡ್ತೀರೋ ಅವ್ರನ್ನ ಮಿಷಿನ್‌ಗೆ ಹಾಕ್ತೀನಿ" ಎಂದರು. ಯಂತ್ರದ ಮುಂದೆ ಕುರ್ಚಿ ಇರುತ್ತದೆ. ನನ್ನ ಮಂಡಿಗಳು ನನಗಿಂತ ಮೊದಲೇ ಕೈ ಎತ್ತಿದವು.

ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡೆ. ಅದರೊಳಗಿನ ಹೆಂಗಸು ಒಂದು ಮಾತು ಹೇಳುತ್ತಾಳೆ, ನಾವೂ ಹೇಳಬೇಕು. ಸರಿಯಿದ್ದರೆ ಹಸಿರು ಗುರುತು, ತಪ್ಪಿದ್ದರೆ ಕೆಂಪು. ನನಗೆ ರಕಾರದ ಬಗ್ಗೆ ಹೆದರಿಕೆಯೇ ಇರಲಿಲ್ಲ. ಚಿಕ್ಕವಳಿದ್ದಾಗ ನನ್ನ ಅಜ್ಜಿ ರಾಗಿ ಬೀಸುತ್ತಾ ಪಕ್ಕದಲ್ಲಿ ಕೂರಿಸಿಕೊಂಡು, ನಾಲಿಗೆ ಅದುರುವ ತನಕ "ರಾಗಿ ರೊಟ್ಟಿ" ಅನ್ನಿಸಿದವರು. ಆ ರಕಾರವನ್ನು ಆ್ಯಪಿನವಳು ಒಪ್ಪಲೇ ಇಲ್ಲ. ಕೆಂಪು ಅನ್ನುವ ಮಾತಿಗೇ ವಾರವಿಡೀ ಕೆಂಪು ಗುರುತು.

ಕೊನೆಗೆ ಅವಳು ಬಾಯಿಯ ಚಿತ್ರ ತೋರಿಸಿದಳು. ಅವರ ರಕಾರ ಹುಟ್ಟುವುದು ನಾಲಿಗೆಯ ತುದಿಯಲ್ಲಲ್ಲ, ಗಂಟಲಲ್ಲಿ. ಕೇಳುತ್ತಿದ್ದಂತೆ ಆ ಸದ್ದಿನ ಗುರುತು ಸಿಕ್ಕಿತು. ಮಾವ ಮನೆಗೆ ಬರುವಾಗ ಮಾಡುವ ಸದ್ದು! ಹೆಂಗಸರಿರುವ ಮನೆಗೆ ಗಂಡಸು ದಿಢೀರನೆ ನುಗ್ಗಬಾರದೆಂದು ಗೇಟಿನ ಹತ್ತಿರವೇ ಒಮ್ಮೆ ಕ್ಯಾಕರಿಸುವುದು ಅವರ ಕಾಲದ ಮರ್ಯಾದೆ. ಅದು ಕೇಳಿಸಿದ ಕೂಡಲೇ ಸೆರಗು ಸರಿಮಾಡಿಕೊಂಡು ಏಳುವುದು ಒಳಗಿದ್ದವರ ಮರ್ಯಾದೆ. ಸೊಸೆಯಾದವಳು ಆ ಸದ್ದು ಮಾಡುವುದೆಂದರೆ? ನಾಚಿಕೆಯಿಂದ ಪಿಸುಗುಟ್ಟಿದೆ. ಅದು ಮೊಬೈಲಿಗೆ ಕೇಳಿಸಲೇ ಇಲ್ಲ.

ಮಾವ ಇಲ್ಲದ ಆ ಸಂಜೆ ಧೈರ್ಯ ಮಾಡಿ, ಗಂಟಲು ಬಿಟ್ಟು ಒಮ್ಮೆ ಹೇಳಿಯೇಬಿಟ್ಟೆ. ಹಸು ಮೇಯುವುದು ನಿಲ್ಲಿಸಿ ತಿರುಗಿ ನೋಡಿತು. ಒಳಗಿನಿಂದ ಅತ್ತೆ, "ಬಂದ್ರಾ? ಇರಿ, ಕಾಫಿ ತಂದೆ" ಎನ್ನುತ್ತಾ ಲೋಟ ಹಿಡಿದು ಬಂದರು. ಜಗಲಿಯ ಮೇಲೆ ಲೋಟ ಇಟ್ಟು ನೋಡಿದರೆ ಯಾರೂ ಇಲ್ಲ. ಒಳಗೆ ಹೋದರು. ನಾನು ಇನ್ನೊಮ್ಮೆ ಹೇಳಿದೆ. ಮತ್ತೆ ಬಂದರು. "ಎಲ್ ನಿಂತವ್ರೆ ಈವಯ್ಯ?" ಎಂದು ಬೀದಿಗೇ ಇಣುಕಿದರು. ಮೂರನೇ ಸಲ ನೆಟ್ಟಗೆ ಕೊಟ್ಟಿಗೆಗೆ ಬಂದು ಸೊಂಟದ ಮೇಲೆ ಕೈಯಿಟ್ಟರು.

"ನೀನೇನೇ?"

"ಫ್ರೆಂಚು, ಅತ್ತೆ."

"ನಿನ್ ಫ್ರೆಂಚ್‌ಗೆ ಎರಡ್ ಸಲ ಸೆರಗು ಹೊದ್ಕಂಡು ಬಂದ್ನಲ್ಲೇ!"

ಇಬ್ಬರೂ ನಕ್ಕೂ ನಕ್ಕೂ ಹುಲ್ಲಿನ ಹೊರೆಯ ಮೇಲೆ ಬೀಳುವಂತಾಯಿತು. ಅಷ್ಟರಲ್ಲಿ ಬೆನ್ನ ಹಿಂದೆ ಅಸಲಿ ಸದ್ದೇ ಕೇಳಿಸಿತು. ಖಾಲಿ ಕ್ಯಾನು ಹಿಡಿದು ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಆ ಮನೆಗೆ ಬಂದು ಹನ್ನೆರಡು ವರ್ಷವಾದರೂ "ಊಟ ಆಯ್ತೇನಮ್ಮ" ಅನ್ನುವುದಕ್ಕಿಂತ ಹೆಚ್ಚು ಮಾತನ್ನು ಅವರು ನನ್ನೊಡನೆ ಆಡಿದವರಲ್ಲ.

"ಇನ್ನೊಂದ್ಸಲ ಹಾಕು ಅದನ್ನ" ಎಂದರು. ಹಾಕಿದೆ. ಕಿವಿಗೊಟ್ಟು ಕೇಳಿದರು.

"ಆವಮ್ಮ ಸರಿಯಾಗಿ ಅಂತವ್ಳೆ. ನೀನು ಕ್ಯಾಕರಿಸ್ತಾ ಇದ್ದೀಯ. ಅಷ್ಟು ಜೋರು ಬೇಡ ಕಣಮ್ಮ. ಗಂಟಲಿಗೆ ಉಪ್ಪುನೀರು ಹಾಕ್ಕೊಂಡು ಗುಳುಗುಳು ಅನ್ನಿಸ್ತೀವಲ್ಲ, ಹಂಗೆ. ನೀರೊಂದು ಇರಬಾರ್ದು."

ತಾವೇ ಒಮ್ಮೆ ಮಾಡಿ ತೋರಿಸಿದರು. ಆಮೇಲೆ, "ನೀನು ಹೇಳ್ಕೋ. ನಾನೇನೂ ಕೇಳಿಸ್ಕಳಲ್ಲ" ಎಂದು ನನಗೆ ಬೆನ್ನು ಮಾಡಿ ಹಸುವಿನ ಕತ್ತಿನ ಗಂಗೆದೊಗಲು ಸವರುತ್ತಾ ನಿಂತರು.

ಹೇಳಿದೆ. ಹಸಿರು!

"ಪಾಸಾದ್ಲು!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಮಾವ ಜಗಲಿಗೆ ಹೋಗಿ ಲೋಟ ಎತ್ತಿಕೊಂಡು, "ಕಾಫಿ ಆರೋಗೈತಲ್ಲ" ಎಂದರು.

"ಎರಡ್ ಸಲ ಬಂದ್ರಲ್ಲ, ಆವಾಗ್ಲೇ ಕುಡೀಬೇಕಿತ್ತು" ಎಂದರು ಅತ್ತೆ.

ಅಂದಿನಿಂದ ಮೊಬೈಲು ಕೊಟ್ಟಿಗೆಯಿಂದ ಜಗಲಿಗೆ ಬಂತು. ನಿಲ್ಲಿಸಿ, ಮೂರು, ಹಸಿರು, ಧನ್ಯವಾದ, ಫ್ರೆಂಚಿನಲ್ಲಿ ರಕಾರವಿರುವ ಇಂಥ ಎಲ್ಲ ಮಾತಿಗೂ ಮಾವನ ಕಿವಿಯಿಂದ ಒಪ್ಪಿಗೆ ಬಿದ್ದ ಮೇಲೆಯೇ ನಾನು ಆ್ಯಪಿಗೆ ಹೇಳುತ್ತಿದ್ದದ್ದು. ಅವರು ಒಪ್ಪಿದ್ದನ್ನು ಆ್ಯಪು ತಳ್ಳಿಹಾಕಿದ ದಿನ, "ಅದಕ್ಕೆ ಇವತ್ತು ಕಿವಿ ಸರೀಗಿಲ್ಲ" ಎಂದರು.

ಫ್ರಾನ್ಸಿನ ಹೆಂಗಸು ಒಂದು ಸೋಮವಾರ ಬಂದರು. ನಾನು ಬೊಂಜೂರ್ ಅಂದು ನಮಸ್ಕಾರ ಹೇಳಿ, ಯಂತ್ರದ ಕೆಂಪು ಗುಂಡಿಯನ್ನು ತೋರಿಸಿ, "ರೂಜ್. ಅರೆತೇ" ಎಂದೆ. ಕೆಂಪು, ನಿಲ್ಲಿಸಿ. ಅವರ ಮುಖ ಅರಳಿತು. ನನ್ನ ಎರಡೂ ಕೈ ಹಿಡಿದುಕೊಂಡು ಹೊಳೆ ಹರಿದಂತೆ ಏನೇನೋ ಹೇಳಿದರು. "ಏನಂದ್ರು?" ಎಂದು ಸೂಪರ್‌ವೈಸರ್ ಕೇಳಿದರು.

"ಗೊತ್ತಿಲ್ಲ ಸಾರ್. ನಾನಂದಿದ್ದು ಅವ್ರಿಗೆ ಗೊತ್ತಾಯ್ತು."

ಸೂಪರ್‌ವೈಸರ್ ನಗುತ್ತಾ ಕುರ್ಚಿ ಎಳೆದು ನನ್ನ ಮುಂದಿಟ್ಟರು.

ಆರು ತಿಂಗಳಾದ ಮೇಲೆ ಅಂಥದ್ದೇ ಎರಡನೇ ಯಂತ್ರ ಬರುತ್ತದೆಂದು ತಿಳಿಯಿತು. ಒಂದು ಭಾನುವಾರ ಪ್ಯಾಕಿಂಗ್ ವಿಭಾಗದ ನಾಲ್ವರು ಹೆಂಗಸರು ಮೊಬೈಲು ಹಿಡಿದುಕೊಂಡು ನಮ್ಮ ಜಗಲಿಗೆ ಬಂದು ಕೂತರು. ಡೈರಿಯಿಂದ ಬಂದ ಮಾವ ಎಂದಿನಂತೆ ಗೇಟಿನ ಹತ್ತಿರ ಒಮ್ಮೆ ಕ್ಯಾಕರಿಸಿದರು. ಒಳಗೆ ಹೋಗಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ಅವರೆದುರು ಕೂತರು.