ಹನ್ನೆರಡು ದಾಟಿದ ಮೇಲೂ ನಟ್ಟು-ಬೋಲ್ಟು

ಕಳೆದ ಬುಧವಾರ ಸಂಜೆ, ಅರ್ಧ ಗಂಟೆ ಬೆವರು ಸುರಿಸಿ ಕಟ್ಟಿದ್ದ ಮೂವತ್ತು ಕಿಲೋದ ಕಾರ್ಟನ್ನಿನ ಹಗ್ಗವನ್ನು ತರಕಾರಿ ಚೂರಿಯಿಂದ ಕತ್ತರಿಸಿ ಹಾಕಿದೆ. ಕಟ್ಟಿದವರು ನಮ್ಮವರು. ಕತ್ತರಿಸಿದವಳು ನಾನು. ಮನೆಯಲ್ಲಿ ಅದರ ಬಿಸಿ ಇನ್ನೂ ಆರಿಲ್ಲ.

ಕಾರ್ಟನ್ ಎಂದರೇನೆಂದು ಗಲ್ಫಿನವರಿಗೆ ಹೇಳಬೇಕಿಲ್ಲ. ಊರಿನ ಓದುಗರಿಗಾಗಿ ಹೇಳುತ್ತೇನೆ. ನಮಗೆ ಎರಡು ವರ್ಷಕ್ಕೊಮ್ಮೆ ರಜೆ. ಹೊರಡುವ ಒಂದು ತಿಂಗಳು ಮೊದಲೇ ಹಾಲ್‌ನಲ್ಲಿ ರಟ್ಟಿನ ಪೆಟ್ಟಿಗೆಗಳು ಬಾಯಿ ತೆರೆದು ಕೂರುತ್ತವೆ. ಹಾಲಿನ ಪುಡಿ, ಬಾದಾಮಿ, ಟಾಲ್ಕಂ ಪೌಡರ್, ನಾದಿನಿಗೆ ಸೀರೆ. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಂತು, ನಮ್ಮ ತೂಕ ಕಳೆಯಬೇಕು. (ನನ್ನ ತೂಕ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಅಂಕಣಕ್ಕೂ ಒಂದು ಮರ್ಯಾದೆ ಇದೆ.) ಕೊನೆಗೆ ಟೇಪು, ನೈಲಾನ್ ಹಗ್ಗ, ದಪ್ಪ ಮಾರ್ಕರಿನಲ್ಲಿ ಹೆಸರು ಮತ್ತು 'ಮಸ್ಕತ್–ಬಾಂಬೆ'.

ಇನ್ನೊಂದು ಪದ್ಧತಿಯೂ ಇದೆ. ನಮ್ಮ ಮಕ್ಕಳ ವಯಸ್ಸು ಮೀರಿದ ಆಟಿಕೆಗಳೆಲ್ಲ ಈ ಕಾರ್ಟನ್ನಿನಲ್ಲೇ ಊರಿನ ಚಿಕ್ಕ ಮಕ್ಕಳಿಗೆ ಹೋಗುತ್ತವೆ. ವಯಸ್ಸು ಮೀರಿತೆಂದು ತೀರ್ಮಾನಿಸುವವರು ಯಾರು? ನಾವು ತಾಯಂದಿರು. ಪೆಟ್ಟಿಗೆಯಲ್ಲಿ ಜಾಗ ಉಳಿದಿದ್ದರೆ ಇನ್ನೂ ಬೇಗ ತೀರ್ಮಾನಿಸುತ್ತೇವೆ.

ಮಗಳು ನಮಿತಾಳಿಗೆ ಹದಿನಾಲ್ಕು. ಏಳನೇ ವಯಸ್ಸಿನಿಂದ ಪ್ರತಿವರ್ಷ ರಿಸಲ್ಟ್ ಬಂದ ವಾರ ಅವಳಿಗೊಂದು ಬಿಲ್ಡಿಂಗ್ ಸೆಟ್. ತೂತುಗಳಿರುವ ಕಬ್ಬಿಣದ ಪಟ್ಟಿ, ಚಕ್ರ, ನಟ್ಟು, ಬೋಲ್ಟು. ಈ ವರ್ಷ ಕೊಡಿಸಲಿಲ್ಲ.

"ಹುಡುಗಿ ಇಷ್ಟು ಎತ್ತರ ಆಗಿದ್ದಾಳೆ ಮಾರಾಯ್ರೆ, ಇನ್ನೂ ಆ ನಟ್ಟು-ಬೋಲ್ಟು ಎಂತಕ್ಕೆ?" ಎಂದಿದ್ದರು ಪಕ್ಕದ ಫ್ಲಾಟಿನ ಗ್ರೇಸಿಬಾಯಿ. "ನಮ್ಮವಳು ನೋಡಿ, ಕೇಕಿಗೆ ಐಸಿಂಗ್ ಮಾಡ್ತಾಳೆ."

ಊರಿನಿಂದ ನಾದಿನಿಯ ಕಾಗದ ಬೇರೆ. 'ಅತ್ತಿಗೆ, ನಮಿತಾ ಈಗ ದೊಡ್ಡ ಹುಡುಗಿಯಲ್ಲವಾ? ಅವಳ ಆಟದ ಸಾಮಾನು ನಮ್ಮ ಪೃಥ್ವಿಗೆ ತನ್ನಿ. ಗಂಡು ಹುಡುಗ, ಉಪಯೋಗಕ್ಕೆ ಬರುತ್ತದೆ.'

ನಾನೂ ತಲೆಯಾಡಿಸಿದೆ. ಬುಧವಾರ ಅವಳು ಟ್ಯೂಷನ್ನಿಗೆ ಹೋದದ್ದೇ ತಡ, ಊಟದ ಮೇಜಿನ ಮೂಲೆಯಲ್ಲಿ ನಿಂತಿದ್ದ ಕ್ರೇನನ್ನು ಬಿಚ್ಚಲು ಕುಳಿತೆ. ಮೂರು ವಾರದ ಕೆಲಸ ಅದು. ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು ಹಾಕಿದ್ದಳು. ಅರ್ಧ ಕಿಲೋ ಸಕ್ಕರೆಯ ಪೊಟ್ಟಣವನ್ನು ನೆಲದಿಂದ ಮೇಜಿಗೆ ಎತ್ತಬೇಕೆಂದು ಹಠ. ಪೊಟ್ಟಣ ಅರ್ಧದಲ್ಲೇ ನಿಂತುಬಿಡುತ್ತಿತ್ತು. ಉಳಿದ ನಟ್ಟುಗಳನ್ನು ಇಲ್ಲಿನವರು ಖಾವಾ ಎಂಬ ಕಾಫಿ ಕುಡಿಯುವ ಪುಟ್ಟ ಕಪ್ಪುಗಳಲ್ಲಿ ಅಳತೆ ಪ್ರಕಾರ ವಿಂಗಡಿಸಿಟ್ಟಿದ್ದಳು. ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದು ಪ್ಯಾಕ್ ಮಾಡಿದೆ. ಎಂಥ ಸಾಧನೆ!

ಆರು ಗಂಟೆಗೆ ಬಂದಳು. ಖಾಲಿ ಮೂಲೆ ನೋಡಿದಳು. ಅಳಲಿಲ್ಲ, ಕೂಗಾಡಲೂ ಇಲ್ಲ.

"ಯೂ ಡಿಡ್‌ನಾಟ್ ಈವನ್ ಆಸ್ಕ್ ಮಿ, ಅಮ್ಮ."

"ನಿನಗೆ ವಯಸ್ಸಾಯ್ತಲ್ಲ ಮಗಾ."

"ಅಪ್ಪನಿಗೆ ಫಾರ್ಟಿಫೈವ್. ರುಸೈಲ್ ಫ್ಯಾಕ್ಟರಿಯಲ್ಲಿ ದಿನಾ ನಟ್ಟು-ಬೋಲ್ಟು ಹಿಡ್ಕೊಂಡೇ ಇರ್ತಾರೆ. ಅವರ ಸ್ಪ್ಯಾನರ್ ಯಾಕೆ ಪ್ಯಾಕ್ ಮಾಡ್ಲಿಲ್ಲ?"

ಹಗ್ಗದ ಕೊನೆಯ ಗಂಟು ಬಿಗಿಯುತ್ತಿದ್ದ ನಮ್ಮವರು ನಗಲು ಹೊರಟು, ಅವಳ ಮುಖ ನೋಡಿ ಮತ್ತೆ ಗಂಟಿನ ಕಡೆಗೆ ತಲೆ ಬಗ್ಗಿಸಿದರು. ನನಗೆ ನಾಚಿಕೆಯಾಯಿತು. ಹೆತ್ತ ಮಗಳ ಮೂರು ವಾರವನ್ನು ಹತ್ತು ನಿಮಿಷದಲ್ಲಿ ಬಿಚ್ಚಿ ಹಾಕಿದವಳು ನಾನು. ಅಡುಗೆಮನೆಗೆ ಹೋಗಿ ಚೂರಿ ತಂದೆ.

"ಎಂತ ಮಾರಾಯ್ತಿ, ಈಗಷ್ಟೇ ಕಟ್ಟಿದ್ದಲ್ವಾ!"

"ಇನ್ನೊಮ್ಮೆ ಕಟ್ಟಿ" ಎಂದೆ.

ಡಬ್ಬ ಅವಳ ಕೈಗೆ ಹೋಯಿತು. ನಾದಿನಿಯ ಮಗನಿಗೇಕೆ ನಿರಾಸೆ ಮಾಡಬೇಕು? ಅಂದೇ ಮವಾಲೇಹ್‌ನ ಅಂಗಡಿಗೆ ಹೋಗಿ ಎರಡು ಸೆಟ್ ತೆಗೆದುಕೊಂಡೆವು. ಅವನಿಗೆ ಚಿಕ್ಕದು. ನಮ್ಮವಳಿಗೆ ಗೇರು, ಮೋಟಾರು ಎಲ್ಲ ಇರುವ ದೊಡ್ಡದು. ಅಂಗಡಿಯಾತ ನಮಿತಾಳನ್ನು ನೋಡಿ ಡಬ್ಬದ ಮೂಲೆಗೆ ಬೆರಳಿಟ್ಟ. "ಮೇಡಂ, ಬಾರಾ ಸಾಲ್ ತಕ್." ಹನ್ನೆರಡು ವರ್ಷದವರೆಗೆ ಮಾತ್ರವಂತೆ.

"ಡಬ್ಬೇ ಪೆ ಲಿಖಾ ಹೈ, ಮೇರೀ ಬೇಟಿ ಪೆ ನಹೀಂ" ಎಂದೆ; ಬರೆದಿರುವುದು ಡಬ್ಬದ ಮೇಲೆ, ನನ್ನ ಮಗಳ ಮೇಲಲ್ಲ. ನನ್ನ ಹಿಂದಿ ಅಷ್ಟು ಸರಾಗವಾಗಿ ಹರಿದದ್ದು ಅದೇ ಮೊದಲು.

ಮುಂದಿನ ವರ್ಷ ಹತ್ತನೇ ಕ್ಲಾಸು, ಗೊತ್ತಿದೆ. ಇದರಿಂದ ಅವಳು ಇಂಜಿನಿಯರ್ ಆಗುತ್ತಾಳೆಂದು ನಾನು ವಾದಿಸುವುದೂ ಇಲ್ಲ. ಆಗದೆಯೂ ಇರಬಹುದು. ಆಡುವುದಕ್ಕೆ ಕಾರಣ ಕೊಡಬೇಕೆ? ನಮ್ಮ ಬಿಲ್ಡಿಂಗಿನಲ್ಲಿ ಐವತ್ತು ದಾಟಿದ ಗಂಡಸರು ಶುಕ್ರವಾರ ಇಡೀ ದಿನ ಇಸ್ಪೀಟ್ ಆಡುತ್ತಾರೆ. ಅವರ ವಯಸ್ಸನ್ನು ಯಾರಾದರೂ ಕೇಳಿದ್ದುಂಟೆ? ಹುಡುಗಿ ಸ್ಕ್ರೂಡ್ರೈವರ್ ಹಿಡಿದರೆ ಮಾತ್ರ ಎಲ್ಲರಿಗೂ ಕ್ಯಾಲೆಂಡರ್ ನೆನಪಾಗುತ್ತದೆ.

ನಿನ್ನೆ ಗ್ರೇಸಿಬಾಯಿ ಬಂದಿದ್ದರು. ಊಟದ ಮೇಜು ತುಂಬ ಗೇರುಗಳು, ಅದರಾಚೆ ನಮಿತಾಳ ಬಗ್ಗಿದ ತಲೆ. ಗ್ರೇಸಿಬಾಯಿ ನನ್ನನ್ನು ಬಾಗಿಲ ಹತ್ತಿರ ಕರೆದು ಪಿಸುಗುಟ್ಟಿದರು.

"ಇನ್ನೂ ಎಷ್ಟು ವರ್ಷ ಕೊಡಿಸ್ತೀರಿ ಇದನ್ನು?"

"ಅಲ್ಲೇ ಕೂತಿದ್ದಾಳಲ್ಲ ಬಾಯಿ," ಎಂದೆ, ಸ್ವಲ್ಪ ಜೋರಾಗಿಯೇ, "ಅವಳನ್ನೇ ಕೇಳಿ."