ಚೀಟಿಯಲ್ಲಿ ಬರೆಯದ ಮಾತು

ನನ್ನ ಯಜಮಾನರು ಹೋಗಿ ನಾಲ್ಕನೆಯ ತಿಂಗಳಿಗೆ ಪುಣೆಯ ಕನ್ನಡ ನಾಟಕ ಮಂಡಳಿಯವರು ಮನೆಗೆ ಬಂದರು. ಆ ದಿನಗಳಲ್ಲಿ ನನಗೆ ಒಂದು ಕಡೆ ಕೂತಿರಲು ಆಗುತ್ತಿರಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ. ನಾಲ್ಕು ಮಹಡಿ ಇಳಿದು ಗೇಟಿನವರೆಗೆ ಹೋಗಿ, ಯಾಕೆ ಬಂದೆನೆಂದು ತಿಳಿಯದೆ ಮತ್ತೆ ಹತ್ತಿ ಬರುತ್ತಿದ್ದೆ. ಒಂದು ದಿನ ಭೋಸರಿಯ ಬಸ್ಸು ಹತ್ತಿ, ಅವರ ಕಾರ್ಖಾನೆಗೆ ಒಂದು ಸ್ಟಾಪು ಇರುವಾಗಲೇ ಇಳಿದು, ರಸ್ತೆ ದಾಟಿ, ತಿರುಗಿ ಬರುವ ಬಸ್ಸು ಹಿಡಿದದ್ದೂ ಉಂಟು.

ಬಂದವರು ಇಬ್ಬರು. ಒಬ್ಬರು ನಿರ್ದೇಶಕರು, ಅಂಚೆ ಕಚೇರಿಯಿಂದ ನಿವೃತ್ತರಾದವರು. ಇನ್ನೊಬ್ಬರು ಯಜಮಾನರ ಜೊತೆ ಒಂದೇ ಪಾಳಿಯಲ್ಲಿ ಲೇಥ್ ನಡೆಸುತ್ತಿದ್ದ ಗೆಳೆಯರು. ನಾಟಕದಲ್ಲಿ ಅವರು ಮಂತ್ರಿಯ ಪಿ.ಎ. ಮಂತ್ರಿ ನಮ್ಮವರಾಗಿದ್ದರು.

ಕುರ್ಚಿ ಬಿಟ್ಟು ಏಳದ ಮಂತ್ರಿಯೊಬ್ಬನ ಪ್ರಹಸನ ಅದು. ಎದ್ದರೆ ಬೇರೊಬ್ಬ ಕೂತಾನೆಂದು ಹೆದರಿ ಅವನು ಸ್ನಾನ, ನಿದ್ದೆ, ಧ್ವಜವಂದನೆ ಎಲ್ಲವನ್ನೂ ಕೂತಲ್ಲೇ ಮುಗಿಸುತ್ತಾನೆ. ಒಮ್ಮೆ ನಮ್ಮ ಊರಿಗೆ ಬನ್ನಿ ಎಂದು ಜನ ಕೇಳಿದರೆ, ಊರನ್ನೇ ಇಲ್ಲಿಗೆ ತನ್ನಿ, ಮಂಜೂರು ಮಾಡುತ್ತೇನೆ ಎನ್ನುತ್ತಾನೆ.

"ಪಾತ್ರಕ್ಕ ಒಬ್ರು ಸಿಕ್ಕಾರ ವೈನಿ," ಅಂದರು ನನ್ನನ್ನು ಅತ್ತಿಗೆಯೆಂದೇ ಕರೆಯುವ ಗೆಳೆಯರು. "ವಿಮಾನ ನಗರದಾಗ ಇರ್ತಾರ, ಕಂಪ್ಯೂಟರ್ ಕೆಲಸ. ಮೈಸೂರು ಕಡೆಯವರ್ರಿ."

"ಮಂತ್ರಿ ಭಾಳ ಸಭ್ಯ ಆಗಿಬಿಟ್ಟಾನ," ಎಂದು ನಿರ್ದೇಶಕರು ನಿಟ್ಟುಸಿರು ಬಿಟ್ಟರು. "ಪಿ.ಎ.ಗ ಬೈಯುವಾಗೂ 'ದಯವಿಟ್ಟು' ಅಂತಾನ."

ನಮ್ಮ ಮಂಡಳಿಯಲ್ಲಿ ಎಲ್ಲರೂ ದುಡಿಯುವವರು. ಇಡೀ ನಾಟಕ ಬಾಯಿಪಾಠ ಮಾಡಲು ಯಾರಿಗೂ ಪುರುಸೊತ್ತಿಲ್ಲ. ಅದಕ್ಕೇ ಒಬ್ಬೊಬ್ಬರಿಗೆ ಅವರವರ ಮಾತು ಮಾತ್ರ ಬರೆದ ಚೀಟಿ ಕೊಡುತ್ತಾರೆ. ಪೂರ್ತಿ ಪ್ರತಿ ಒಂದೇ. ಅದನ್ನು ಹಿಡಿದವರು ಪರದೆಯ ಪಕ್ಕ ನಿಂತು, ಮರೆತವರಿಗೆ ಮಾತು ಎತ್ತಿಕೊಡಬೇಕು. ಆದರೆ ರಂಗದ ಮೇಲೆ ನಟರು ತಾವಾಗಿ ಸೇರಿಸಿದ್ದು ಯಾವ ಚೀಟಿಗೂ ಬರುತ್ತಿರಲಿಲ್ಲ. ನಮ್ಮವರು ಹಾಗೆ ಬಹಳಷ್ಟು ಸೇರಿಸಿದ್ದರು. ಅಭ್ಯಾಸವೆಲ್ಲ ಅಡುಗೆಮನೆಯಲ್ಲಿ. ನಾನು ಸೊಪ್ಪು ಬಿಡಿಸುತ್ತ ಪಿ.ಎ., ಊರಿನವರು, ಮಂತ್ರಿಯ ಹೆಂಡತಿ ಎಲ್ಲರೂ ಆಗುತ್ತಿದ್ದೆ. ನಾನು ಹತ್ತನೆಯ ಇಯತ್ತೆವರೆಗೆ ಓದಿದವಳು. ಓದುವುದು ನಿಧಾನ, ಆದರೆ ಕಿವಿಗೆ ಬಿದ್ದದ್ದು ಮರೆಯುವುದಿಲ್ಲ.

"ಅವರ ಮಾತು ನಿಮಗಷ್ಟ ಗೊತ್ತು. ಹೊಸಬರಿಗೆ ಕೊಡ್ರಿ. ಪ್ರತಿ ಹಿಡಿದು ನಿಂದರೂದೂ ನೀವ ಮಾಡ್ರಿ," ಅಂದರು ನಿರ್ದೇಶಕರು.

ಒಪ್ಪಿದೆ. ಭಾನುವಾರದ ಮಧ್ಯಾಹ್ನಗಳಿಗೆ ಹೋಗಲು ಒಂದು ಜಾಗವಾಯಿತು ಅನ್ನುವುದೇ ಕಾರಣ.

ತಾಲೀಮು ಒಂದು ಶಾಲೆಯ ಸಭಾಂಗಣದಲ್ಲಿ. ಹೊಸಬರು ಒಳ್ಳೆಯವರು. ನನ್ನನ್ನು ಆಂಟಿ ಎಂದು ಕರೆದು ಕುರ್ಚಿ ತಂದಿಟ್ಟರು. ಅದರಲ್ಲಿ ನಾನು ಒಂದು ಗಳಿಗೆಯೂ ಕೂರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗಾಡುತ್ತಲೇ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಮೂರು ಭಾನುವಾರಗಳಲ್ಲಿ ನಮ್ಮವರ ಮಾತುಗಳೆಲ್ಲ ಅವರ ಚೀಟಿ ಸೇರಿದವು. ಒಂದನ್ನು ಬಿಟ್ಟು.

ಆ ಒಂದನ್ನು ನಾನು ಕೊಡಲಿಲ್ಲ.

ಮದುವೆಯಾಗಿ ಹೊಸದಾಗಿ ಪುಣೆಗೆ ಬಂದಾಗ ಅವರು ಒಂದು ದಿನ ಡಬ್ಬಿ ಮರೆತು ಕೆಲಸಕ್ಕೆ ಹೋಗಿದ್ದರು. ನನಗೆ ಆಗ ಮರಾಠಿ ಒಂದಕ್ಷರ ಬಾರದು. ಕೇಳುತ್ತ ಕೇಳುತ್ತ ಕಾರ್ಖಾನೆಯ ಗೇಟಿಗೆ ಹೋಗಿ ನಿಂತೆ. "ಡಬಾ ಆತ್ ಜಾಯೀಲ, ತುಮ್ಹಿ ಬಾಹೇರ್ ಥಾಂಬಾ," ಎಂದು ಕಾವಲುಗಾರ ಡಬ್ಬಿ ಇಸಿದುಕೊಂಡ. ಡಬ್ಬಿ ಒಳಗೆ ಹೋಗುತ್ತದೆ, ನೀವು ಹೊರಗೆ ನಿಲ್ಲಿ ಎಂದದ್ದು ಅರ್ಥವಾಗದೆ ನಾನು ಅವನ ಹಿಂದೆಯೇ ಒಳಗೆ ನಡೆದುಬಿಟ್ಟೆ. ಅವನು ಓಡಿ ಬಂದು ಅಡ್ಡ ನಿಂತ. ಗೇಟಿನ ಒಳಗಿದ್ದವರೆಲ್ಲ ನಕ್ಕರು, ನಮ್ಮವರೂ ನಕ್ಕರು. ಮುಂದೆ ನಾಟಕದಲ್ಲಿ ಮಂತ್ರಿಯ ಹೆಂಡತಿ ನಾಲ್ಕು ವರ್ಷವಾದರೂ ಮನೆಗೆ ಬಾರದ ಗಂಡನನ್ನು ಹುಡುಕಿಕೊಂಡು ಕಚೇರಿಗೆ ಬರುತ್ತಾಳಲ್ಲ, ಅಲ್ಲಿ ಆಕೆಯ ಕೈಗೊಂದು ಡಬ್ಬಿ ಕೊಡಿಸಿದರು. ಪಿ.ಎ. ಬಂದು ಸುದ್ದಿ ಹೇಳಿದಾಗ ಮಂತ್ರಿ ತಲೆ ಎತ್ತದೆ ಅನ್ನುತ್ತಿದ್ದ: "ಡಬ್ಬಿ ಒಳಗ ಬರ್ಲಿ. ಆಕಿ ಹೊರಗ ನಿಂದರ್ಲಿ."

ಪ್ರತಿ ಸಲವೂ ಜನ ನಗುತ್ತಿದ್ದರು. ನಾನು ಮೂರನೆಯ ಸಾಲಿನಲ್ಲಿ ಕೂತು, ಮಂದಿಯ ನಡುವೆ ನನ್ನನ್ನು ಕರೆದರೇನೋ ಎಂಬಂತೆ ತಲೆ ತಗ್ಗಿಸುತ್ತಿದ್ದೆ. ಕೊನೆಗೆ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಗಾಜಿನ ಬಾಗಿಲಿನ ಹೊರಗೆ ನಿಂತೆ. ಒಳಗೆ ಕಳಿಸಲು ಡಬ್ಬಿಯೂ ಇರಲಿಲ್ಲ. ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಲಾರೆ ಅನಿಸಿತು. ಅದೊಂದು ನನ್ನ ಹತ್ತಿರ ಉಳಿಯಲಿ.

ಕೊನೆಯ ತಾಲೀಮಿನ ದಿನ ಗೆಳೆಯರು ಆ ಜಾಗದಲ್ಲಿ ನಿಂತರು. "ಇಲ್ಲೊಂದು ಮಾತಿತ್ತಲ್ಲ ವೈನಿ? ಮಂದಿ ಹೊಟ್ಟಿ ಹಿಡಕೊಂಡು ನಗತಿದ್ರು."

"ನನಗ ನೆನಪಿಲ್ರಿ," ಅಂದೆ.

ಅವರು ನನ್ನನ್ನು ನೋಡಿದರು. ನಗು ನೆನಪಿತ್ತು, ಮಾತು ನೆನಪಿರಲಿಲ್ಲ ಅವರಿಗೆ. ಅಥವಾ ಇತ್ತೋ ಏನೋ. "ಹೋಗ್ಲಿ ಬಿಡ್ರಿ," ಎಂದು ಮುಂದಿನ ಮಾತಿಗೆ ಹೋದರು. ಡಬ್ಬಿ ಮಾತ್ರ ಹೆಂಡತಿಯ ಕೈಯಲ್ಲೇ ಉಳಿಯಿತು. ಅದು ಯಾಕೆ ಅಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಪ್ರಯೋಗದ ದಿನ ಸಭಾಂಗಣ ತುಂಬಿತ್ತು. ಧಾರವಾಡ, ಬೆಳಗಾವಿ ಕಡೆಯ ಸಂಸಾರಗಳು, ಕಟ್ಟಡ ಕೆಲಸದ ಮಂದಿ, ಕಾರ್ಖಾನೆಯವರು. ನಾನು ಪರದೆಯ ಪಕ್ಕ ಪ್ರತಿ ಹಿಡಿದು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದೆ. ನಾಟಕ ಚೆನ್ನಾಗಿಯೇ ಓಡಿತು. ಮಂತ್ರಿ ಸಭ್ಯತೆ ಬಿಟ್ಟು ಬೈಯಲು ಕಲಿತಿದ್ದ.

ಹೆಂಡತಿ ಬಂದಳು. ಪಿ.ಎ. ಸುದ್ದಿ ಹೇಳಿದ. ಹೇಳಿ, ಮೊದಲಿನ ರೂಢಿಯಂತೆ ಬಾಗಿಲಿನ ಕಡೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ಎಷ್ಟೋ ಪ್ರಯೋಗಗಳಲ್ಲಿ ಅಲ್ಲಿ ನಿಂತು ಆ ಮಾತಿಗೆ ಕಾದ ಕಾಲುಗಳು. ಮುಂದಿನ ಮಾತು ಅವನದೇ ಎಂಬುದು ಅವನಿಗೆ ಹೊಳೆಯಲಿಲ್ಲ. ಮಂತ್ರಿ ಅವನ ಮುಖ ನೋಡಿದ, ಅವನು ಮಂತ್ರಿಯ ಮುಖ ನೋಡಿದ. ಹೆಂಡತಿ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಏನ್ರೀ ಸಾಹೇಬ್ರ, ನಿದ್ದಿ ಹತ್ತೇನು?"

ಮೂವರೂ ನನ್ನ ಕಡೆ ನೋಡಿದರು. ಪ್ರತಿಯಲ್ಲಿದ್ದ ಪಿ.ಎ.ಯ ಮಾತನ್ನು ಎತ್ತಿಕೊಟ್ಟಿದ್ದರೂ ಸಾಕಿತ್ತು. ಬೆರಳು ಆ ಸಾಲಿನ ಮೇಲೇ ಇತ್ತು. ಆದರೆ ಬಾಯಿಗೆ ಬಂದದ್ದು ಅದಲ್ಲ. ಮೊದಲ ಸಲ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಅಡುಗೆಮನೆಯಲ್ಲಿ ಹೇಳುತ್ತಿದ್ದಷ್ಟೇ ಜೋರಾಗಿ ಹೇಳಿಬಿಟ್ಟೆ. ಮುಂದಿನ ಸಾಲಿನವರು ಪರದೆಯ ಕಡೆ ತಿರುಗಿದರು.

ಹೊಸಬರು ಹಾಗೇ ಎತ್ತಿಕೊಂಡರು. "ಡಬ್ಬಿ ಒಳಗೆ ಬರ್ಲಿ. ಅವಳು ಹೊರಗಡೆ ನಿಂತ್ಕೊಳ್ಳಲಿ."

ಜನ ನಕ್ಕರು. ನಗಬಾರದು, ಕಡಿಮೆಯಾದರೂ ನಗಲಿ ಎಂದು ನಾನು ಬಯಸಿದೆ. ಕಡಿಮೆ ನಗಲಿಲ್ಲ. ಮೊದಲಿನಷ್ಟೇ ನಕ್ಕರು. ಪ್ರತಿಯನ್ನು ಅಲ್ಲೇ ಇಟ್ಟು ಹೊರಗೆ ನಡೆದುಬಿಡಬೇಕೆನಿಸಿತು. ಅಷ್ಟರಲ್ಲಿ ಊರಿನವನ ಪಾತ್ರದವರು ಮಾತು ಮರೆತರು, ಎತ್ತಿಕೊಡಬೇಕಾಯಿತು.

ಪರದೆ ಬಿದ್ದ ಮೇಲೆ ಹೊಸಬರು ಬಣ್ಣ ಒರೆಸಿಕೊಳ್ಳದೆ ನನ್ನ ಹತ್ತಿರ ಬಂದರು.

"ಸಾರಿ ಆಂಟಿ. ನೀವು ಅಷ್ಟು ಹೇಳ್ಕೊಟ್ಟಿದ್ರಿ, ಅದೊಂದು ಹೇಗೆ ಮರ್ತೆನೋ ಗೊತ್ತಿಲ್ಲ. ಪೂರ್ತಿ ಬ್ಲ್ಯಾಂಕ್ ಆಗೋಯ್ತು."

ಹೌದೆಂದು ಸುಮ್ಮನಿದ್ದರೆ ಮುಗಿಯುತ್ತಿತ್ತು. ಗೆಳೆಯರು ಅಂಟಿಸಿದ ಮೀಸೆ ಕೀಳುತ್ತ ಅಲ್ಲೇ ನಿಂತಿದ್ದರು.

"ನೀವು ಮರ್ತಿಲ್ರಿ," ಅಂದೆ. "ನಾ ಕೊಟ್ಟಿದ್ದಿಲ್ಲ."

ಹೊಸಬರು ಯಾಕೆ ಎಂದು ಕೇಳಲಿಲ್ಲ. ಜೇಬಿನಿಂದ ಚೀಟಿ ತೆಗೆದು, ಮತ್ತೆ ಮಡಚಿ, "ಬರೋ ವಾರ ಭೋಸರೀಲಿ ಶೋ ಇದೆ. ಅಲ್ಲಿ ಹೇಳ್ಬೇಡಿ ಅಂದ್ರೆ ಹೇಳಲ್ಲ ಆಂಟಿ," ಎಂದರು.

ನಾನು ಪರದೆಯ ಆ ತುದಿಗೆ ಹೋಗಿ ಬಂದೆ.

"ಹಾಂಗಲ್ಲ ಅದು," ಅಂದೆ. "ಆಕಿ ಅನ್ರಿ. ತಲಿ ಎತ್ತಬ್ಯಾಡ್ರಿ, ಕಾಗದ ನೋಡಕೋತ ಅನ್ರಿ. 'ಡಬ್ಬಿ ಒಳಗ ಬರ್ಲಿ' ಅಂದು ಒಂದು ಗಳಿಗಿ ತಡೀರಿ, ಆಮ್ಯಾಲೆ ಉಳಿದದ್ದು."

ಅವರು ಹೇಳಿದರು. ಅವಸರ ಮಾಡಿದರು.

"ಇನ್ನೊಮ್ಮೆ," ಅಂದೆ.